ಎಲ್ಲ ಭಟ್ಟರೂ ದಾಯಾದಿಗಳಲ್ಲ

ವಂಶವೃಕ್ಷ ಬರೆಸಲು ಬರುವವರ ಮೊದಲ ಮಾತು ಹೆಚ್ಚಾಗಿ ಇದೇ: “ವಕೀಲರೇ, ಅವರೂ ಭಟ್ಟರು, ನಾವೂ ಭಟ್ಟರು. ಹಿಂದೆ ಒಂದೇ ಮನೆ ಆಗಿರಬೇಕು.” ನಮ್ಮ ಕಾಸರಗೋಡಿನ ಕುಂಬಳೆಯಿಂದ ಪೆರ್ಲಕ್ಕೆ ಹೋಗುವ ಬಸ್ಸಿನಲ್ಲಿ “ಭಟ್ರೇ” ಎಂದು ಕರೆದರೆ ಎಷ್ಟು ಜನ ತಿರುಗುತ್ತಾರೆ ನೋಡಿ. ರೈ, ಶೆಟ್ಟಿ ಎಂದರೂ ಅಷ್ಟೇ. ನಮ್ಮ ಕಡೆ ಗುರುತು ಇರುವುದು ಮನೆ ಹೆಸರಿನಲ್ಲಿ.

ಅದೂ ನಿಂತಲ್ಲಿ ನಿಲ್ಲುವುದಿಲ್ಲ. ಪಾಲಾಗಿ ಬೇರೆ ತೋಟಕ್ಕೆ ಹೋದ ತಮ್ಮನ ಮಕ್ಕಳು ಆ ತೋಟದ ಹೆಸರಿನವರಾಗುತ್ತಾರೆ. ಎರಡು ತಲೆಮಾರು ಕಳೆದರೆ ಅಣ್ಣನ ಮನೆಯವರಿಗೆ ಅವರು ಬರೀ ಪರಿಚಯದವರು. ಹಾಗಾಗಿ ನಾನು ಮೊದಲು ಕೇಳುವುದು ಪಾಲುಪಟ್ಟಿ. ಯಾರ ಮಗ, ಪ್ರಾಯ ಎಷ್ಟು, ಯಾವ ಜಾಗ ಯಾರಿಗೆ ಎಂಬುದೆಲ್ಲ ಒಂದೇ ಕಡೆ ಸಿಗುವ ಕಾಗದ ಅದು.

ಪ್ರಾಯವನ್ನು ಮಾತ್ರ ಬಿಡದೆ ಬರೆದುಕೊಳ್ಳಿ. ಹಿರಿಮಗನಿಗೆ ಅಜ್ಜನ ಹೆಸರಿಡುವ ಕ್ರಮ ನಮ್ಮಲ್ಲಿದೆಯಷ್ಟೆ. ಕೃಷ್ಣ ಭಟ್ಟರ ಮಗ ಶಂಕರ ಭಟ್ಟ, ಅವರ ಮಗ ಕೃಷ್ಣ ಭಟ್ಟ, ಅವರ ಮಗ ಮತ್ತೆ ಶಂಕರ ಭಟ್ಟ. ಅಜ್ಜನೂ ಮೊಮ್ಮಗನೂ ಕಾಗದದಲ್ಲಿ “ಕೃಷ್ಣ ಭಟ್ಟರ ಮಗ ಶಂಕರ ಭಟ್ಟ”ರೇ. ಮನೆ ಹೆಸರೂ ಒಂದೇ ಆದರೆ ಇಬ್ಬರನ್ನು ಬೇರೆ ಮಾಡುವುದು ಪ್ರಾಯ ಮತ್ತು ಪತ್ರದ ತಾರೀಕು ಮಾತ್ರ. ಇದನ್ನು ಗಮನಿಸದೆ ಎರಡು ತಲೆಮಾರನ್ನೇ ನುಂಗಿದ ವಂಶವೃಕ್ಷಗಳು ಬೇಕಾದಷ್ಟಿವೆ.

ಕಾಗದ ಇಲ್ಲದಿದ್ದರೆ ಮನೆಯ ಹಿರಿಯ ಸೊಸೆಯನ್ನು ಕೇಳಿ: “ಆ ಮನೆಯ ಅಜ್ಜ ತೀರಿಹೋದಾಗ ನಿಮಗೆ ಸೂತಕ ಎಷ್ಟು ದಿನ ಇತ್ತು, ಅತ್ತೆ?” ಏಳು ತಲೆಮಾರಿನೊಳಗಿನ ದಾಯಾದಿಗೆ ಹತ್ತು ದಿನ, ಅದರಾಚೆಗೆ ಮೂರು. ಹೆಸರು ಮರೆತವರಿಗೂ ಸೂತಕ ನೆನಪಿರುತ್ತದೆ. ಅಡುಗೆಮನೆ ಸುಧಾರಿಸಿದವರು ಅವರಲ್ಲವೇ!

ಬಂಟರ ಲೆಕ್ಕ ಬೇರೆ. ‘ಬಳಿ’ ಎಂಬ ಗೋತ್ರದಂಥ ಕುಲದ ಗುರುತು ಬರುವುದು ತಾಯಿಯಿಂದ, ರೈ-ಶೆಟ್ಟಿ ಈಗೀಗ ತಂದೆಯಿಂದ. ಉಪನಾಮ ಹಿಡಿದು ಮೇಲೆ ಹೋದರೆ ತರವಾಡಿನಿಂದಲೇ, ಅಂದರೆ ತಾಯಿಯ ಕಡೆಯ ಮೂಲ ಮನೆತನದಿಂದಲೇ, ಹೊರಗೆ ಬೀಳುತ್ತೀರಿ. ಅಳಿಯಕಟ್ಟಿನ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಬರುವ ಕ್ರಮದ, ಹಳೆಯ ಪತ್ರಗಳಲ್ಲಿ ಯಜಮಾನನ ಮಕ್ಕಳನ್ನು ಹುಡುಕಬೇಡಿ, ಅವರು ಅವರ ತಾಯಿಯ ಕುಟುಂಬದಲ್ಲಿರುತ್ತಾರೆ. ಇಲ್ಲಿ ಕವಲಿಗೆ ಕವರು ಎನ್ನುತ್ತಾರೆ: ಒಬ್ಬ ಹೆಣ್ಣು, ಅವಳ ಮಕ್ಕಳು, ಹೆಣ್ಣುಮಕ್ಕಳ ಸಂತತಿ. 1949ರ ಮದರಾಸು ಅಳಿಯಸಂತಾನ ಕಾಯಿದೆ ಬಂದ ಮೇಲೆ ಕವರುವಾರು ಪಾಲಾದ ಪತ್ರ ನಿಮ್ಮಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಜ್ಯೋತಿಷಿಯ ಪ್ರಶ್ನೆಯಲ್ಲಿ ಕಂಡ ಕುಟುಂಬದ ಮೂಲಸ್ಥಾನಕ್ಕೆ ಕೈ ಮುಗಿಯಿರಿ, ವಂಶವೃಕ್ಷಕ್ಕೆ ಆಧಾರವಾಗಿ ತರಬೇಡಿ.

ಇನ್ನು ಕೇರಳ-ಕರ್ನಾಟಕ ಗಡಿ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ್ದೇ ತಾಲೂಕು. ಈಗ ಕರ್ನಾಟಕದಲ್ಲಿರುವ ವಿಟ್ಲದ ಮನೆಯ ಕವಲು ಕೇರಳದ ಬಾಯಾರಿನಲ್ಲಿ ಸಿಕ್ಕಿದರೆ ಆಶ್ಚರ್ಯವಿಲ್ಲ. ಹಳೆಯ ಪತ್ರ ಕನ್ನಡದಲ್ಲಿ, ಮುಂದಿನದು ಮಲಯಾಳದಲ್ಲಿ ಇದ್ದೀತು. ಓದಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ. ಈಗ ಇರುವವರನ್ನು ಹುಡುಕಲು ಕೇರಳದ ಮತದಾರರ ಪಟ್ಟಿ ಸಾಕು, ಅದರಲ್ಲಿ ಹೆಸರಿನ ಜೊತೆ ಮನೆ ಹೆಸರೂ ಇರುತ್ತದೆ.