ರ‍್ಯಾಪ್ ಕೇಳುವ ಮಕ್ಕಳು, ಗಾಬರಿಯಾಗುವ ಪೋಷಕರು

ಹದಿಹರೆಯದ ಮಕ್ಕಳನ್ನು ಆಪ್ತಸಮಾಲೋಚನೆಗೆ ಕರೆತರುವ ಪೋಷಕರಲ್ಲಿ ಹಲವರು, ಮಗನ ಸಿಡುಕಿಗೂ ಓದಿನಲ್ಲಿ ಅವನು ಹಿಂದೆ ಬಿದ್ದಿರುವುದಕ್ಕೂ ಸದಾ ಕಿವಿಯಲ್ಲಿರುವ ರ‍್ಯಾಪ್ ಹಾಡುಗಳೇ ಕಾರಣವೆಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಆದರೆ ಹಾಡು ಕೇಳಿ ಸಿಟ್ಟು ಬಂತೋ, ಸಿಟ್ಟಿನಲ್ಲಿದ್ದವನು ಅಂಥ ಹಾಡನ್ನು ಹುಡುಕಿಕೊಂಡನೋ ಎಂಬುದನ್ನು, ಎರಡೂ ಒಟ್ಟಿಗೆ ಕಂಡ ಮಾತ್ರಕ್ಕೆ ಹೇಳಲಾಗದು. ನಾನು ಕಂಡ ಹೆಚ್ಚಿನ ಮಕ್ಕಳಲ್ಲಿ ಸಿಟ್ಟೇ ಮೊದಲು ಬಂದಿತ್ತು.

ಈ ಶಂಕೆ ಹೊಸದಲ್ಲ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಸಂಗೀತಕೂಟದಿಂದ ತನ್ನ ಹುಟ್ಟನ್ನು ಎಣಿಸುವ, ರ‍್ಯಾಪ್ ಅನ್ನು ಒಳಗೊಂಡ ಹಿಪ್‌ಹಾಪ್, ಬಡ ಬಡಾವಣೆಗಳ ಕಪ್ಪು ಮತ್ತು ಲ್ಯಾಟಿನೊ ಯುವಜನರ ನಡುವೆ ಬೆಳೆಯಿತು. 1990ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮವು ಪೋಷಕರನ್ನು ಎಚ್ಚರಿಸುವ ಏಕರೂಪದ ಚೀಟಿಯನ್ನು ಆಲ್ಬಮ್‌ಗಳಿಗಾಗಿ ಜಾರಿಗೆ ತಂದಿತು; ಅಂಥ ಚೀಟಿ ಹದಿಹರೆಯದವರಿಗೆ ಆಹ್ವಾನದಂತೆ ಕಾಣುವುದೂ ಉಂಟು. ರ‍್ಯಾಪ್ ಸಾಲುಗಳನ್ನೇ ಅಪರಾಧಕ್ಕೆ ಸಾಕ್ಷ್ಯವಾಗಿ ನ್ಯಾಯಾಲಯದ ಮುಂದಿಡುವ ಪರಿಪಾಠ ಎಷ್ಟು ಬೆಳೆಯಿತೆಂದರೆ, 2022ರಲ್ಲಿ ಕ್ಯಾಲಿಫೋರ್ನಿಯಾ ಅದಕ್ಕೆ ಕಾನೂನಿನ ಮಿತಿ ಹಾಕಬೇಕಾಯಿತು.

ಪ್ರಭಾವವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆತ್ಮಹತ್ಯೆ ತಡೆ ಸಹಾಯವಾಣಿಯ ಸಂಖ್ಯೆಯನ್ನೇ ಶೀರ್ಷಿಕೆಯಾಗಿಸಿಕೊಂಡು ರ‍್ಯಾಪರ್ ಲಾಜಿಕ್ 2017ರಲ್ಲಿ ಹೊರತಂದ ಹಾಡು ಅಮೆರಿಕದಲ್ಲಿ ಹೆಚ್ಚು ಗಮನ ಸೆಳೆದ 34 ದಿನಗಳಲ್ಲಿ, ಆ ಸಹಾಯವಾಣಿಗೆ ನಿರೀಕ್ಷೆಗಿಂತ 9,915 ಹೆಚ್ಚು ಕರೆಗಳು ಬಂದವು, ಆತ್ಮಹತ್ಯೆಗಳು ನಿರೀಕ್ಷೆಗಿಂತ 245 ಕಡಿಮೆಯಾಗಿದ್ದವು ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ 2021ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಇದೂ ಸಂಬಂಧವಷ್ಟೇ, ಹಾಡೇ ಕಾರಣವೆಂಬುದಕ್ಕೆ ಪುರಾವೆಯಲ್ಲ. ಪೋಷಕರ ದೂರಿಗೆ ಹಿಡಿದ ಅಳತೆಗೋಲನ್ನು ನಮಗೆ ಹಿತವೆನಿಸುವ ಫಲಿತಾಂಶಕ್ಕೂ ಹಿಡಿಯಬೇಕು.

ಬೈಗುಳಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕೆಲವು ಹಾಡುಗಳಲ್ಲಿ ಹೆಣ್ಣನ್ನು ಕುರಿತು ಬರುವ ಮಾತು. ಪ್ರಾಸ ಮತ್ತು ತಾಳದ ಬಲದಿಂದ ಅದು ಸಲೀಸಾಗಿ ಬಾಯಿಪಾಠವಾಗುತ್ತದೆ, ಹುಡುಗರು ಅರ್ಥದ ಕಡೆ ಗಮನ ಕೊಡದೆ ಗುನುಗುತ್ತಾರೆ. ಅದಕ್ಕಾಗಿ, ಇಷ್ಟದ ಹಾಡನ್ನು ತಂದು ಸಾಲುಸಾಲಾಗಿ ವಿವರಿಸುವಂತೆ ಕೇಳುತ್ತೇನೆ. ಅಂಥ ಸಾಲಿಗೆ ಬಂದಾಗ ಹಲವರ ದನಿ ತಗ್ಗುತ್ತದೆ, ಕೆಲವರು ತಾವಾಗಿಯೇ ಸಾಲು ಹಾರಿಸುತ್ತಾರೆ; ಉಪದೇಶಕ್ಕಿಂತ ಈ ತಡವರಿಕೆ ಹೆಚ್ಚು ಕೆಲಸ ಮಾಡುತ್ತದೆಂಬುದು ನನ್ನ ಅನುಭವ.

ಕೆಲವರಿಗೆ ತಮ್ಮದೇ ಹದಿನಾರು ಬಾರ್, ಅಂದರೆ ರ‍್ಯಾಪ್ ಹಾಡಿನ ಒಂದು ಚರಣದಷ್ಟು ಸಾಲುಗಳನ್ನು, ಬರೆಯಲು ಹೇಳುತ್ತೇನೆ. ಒಬ್ಬ ಹುಡುಗ, ತನ್ನಲ್ಲಿಲ್ಲದ ಕಾರುಗಳ ಬಗ್ಗೆ ಜಂಬ ಕೊಚ್ಚುತ್ತಾ ಹೋಗಿ, ನಡುವೆ ಹೊಸ ಶಾಲೆಯಲ್ಲಿ ಊಟದ ಹೊತ್ತಿಗೆ ಒಬ್ಬನೇ ಕೂರುವುದನ್ನು ಪ್ರಾಸಕ್ಕೆ ಸೇರಿಸಿದ್ದ. ಅದುವರೆಗೆ ಆ ವಿಷಯವನ್ನು ಅವನು ನನಗಾಗಲಿ ಮನೆಯವರಿಗಾಗಲಿ ಹೇಳಿರಲಿಲ್ಲ.

ಆದ್ದರಿಂದ ಹೆಡ್‌ಫೋನ್ ಕಿತ್ತುಕೊಳ್ಳುವ ಮೊದಲು ಒಂದು ಹಾಡನ್ನಾದರೂ ಮಕ್ಕಳ ಜೊತೆ ಪೂರ್ತಿ ಕೇಳಬೇಕೆಂದು ಪೋಷಕರಿಗೆ ಹೇಳುತ್ತೇನೆ. ನಿದ್ದೆ ಕೆಟ್ಟಿದ್ದರೆ, ಗೆಳೆಯರಿಂದ ದೂರವಾಗಿದ್ದರೆ, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತು ಬಂದಿದ್ದರೆ, ಮಗು ಕೇಳುವುದು ಯಾವ ಸಂಗೀತವಾದರೂ ಸರಿ, ತಡಮಾಡದೆ ತಜ್ಞರನ್ನು ಕಾಣಬೇಕು.