ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತಾ?

ಪ್ರಶ್ನೆ: ರಜೆಯಲ್ಲಿ ಹೆದ್ದಾರಿ ಬಿಟ್ಟು ಬೆಟ್ಟದ ಒಳದಾರಿಗಳಲ್ಲಿ ಕಾರಿನಲ್ಲಿ ಸುತ್ತಾಡುವ ಯೋಚನೆ ಇದೆ. ಇಡೀ ದಿನ ಹತ್ತೋದು, ಇಳಿಯೋದು. ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತೆ ಅಂತಾರೆ. ಹೌದಾ?

ಇಲ್ಲ. ಉಳಿಯುವುದಿಲ್ಲ.

ರಜೆ ಹತ್ತಿರ ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಜೊತೆಗೆ "ನಮ್ಮ ಮಾವ ಮೊದಲಿನಿಂದಲೂ ಹಾಗೇ ಓಡಿಸ್ತಾರೆ" ಅನ್ನುವ ಸಾಕ್ಷಿ ಬೇರೆ. ಮಾವನವರ ಮೇಲೆ ಗೌರವ ಇದೆ. ಆದರೆ ಅವರು ಕಲಿತ ಕಾರು ಬೇರೆ, ನೀವು ಓಡಿಸುತ್ತಿರುವ ಕಾರು ಬೇರೆ.

ಅವರ ಕಾಲದ ಕಾರಿನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಇತ್ತು. ಎಂಜಿನ್ ತಿರುಗುತ್ತಿದ್ದಷ್ಟು ಹೊತ್ತು ಅದು ಪೆಟ್ರೋಲ್ ಎಳೆದುಕೊಳ್ಳುತ್ತಲೇ ಇರುತ್ತಿತ್ತು, ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಅಷ್ಟೇ. ಆಗ ಈ ಮಾತಿಗೆ ಒಂದಿಷ್ಟು ಅರ್ಥ ಇತ್ತು. ಈಗಿನ ಕಾರುಗಳಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇದೆ, ಅದನ್ನು ನಡೆಸಲು ಕಂಪ್ಯೂಟರ್ ಇದೆ. ಗೇರಿನಲ್ಲೇ ಇದ್ದು ಕಾಲು ಪೂರ್ತಿ ತೆಗೆದಿರಿ ಅನ್ನಿ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿವೆ ಅನ್ನುವುದು ಆ ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ಇಂಜೆಕ್ಟರ್ ಬಂದ್ ಮಾಡಿಬಿಡುತ್ತದೆ. ಆ ಹೊತ್ತಿಗೆ ಪೆಟ್ರೋಲ್ ಖರ್ಚು ಸೊನ್ನೆ. ಎಂಜಿನ್ ವೇಗ ಐಡಲ್ (ಕಾರು ನಿಂತಿದ್ದಾಗ ಎಂಜಿನ್ ತಿರುಗುವ ಕನಿಷ್ಠ ವೇಗ) ಹತ್ತಿರಕ್ಕೆ ಇಳಿದಾಗ ಮಾತ್ರ ಮತ್ತೆ ಶುರು ಮಾಡುತ್ತದೆ.

ನ್ಯೂಟ್ರಲ್‌ಗೆ ಹಾಕಿದರೆ? ಚಕ್ರಕ್ಕೂ ಎಂಜಿನ್‌ಗೂ ಸಂಬಂಧ ಕಡಿದುಹೋಯಿತು. ಎಂಜಿನ್ ಆಫ್ ಆಗದೆ ಇರಬೇಕಾದರೆ ತಾನೇ ಪೆಟ್ರೋಲ್ ಸುಡಬೇಕು. ಸಣ್ಣ ಪೆಟ್ರೋಲ್ ಕಾರಾದರೆ ಐಡಲ್‌ನಲ್ಲಿ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್. ಅಂದರೆ ಉಳಿಸಲು ಹೋಗಿ ಸುಡುತ್ತಿದ್ದೀರಿ.

ನನ್ನ ಮಾತು ನಂಬಬೇಡಿ. ನಿಮ್ಮ ಕಾರಿನ ಮೀಟರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಸೌಲಭ್ಯ ಇದ್ದರೆ, ಇಳಿಜಾರಿನಲ್ಲಿ ಗೇರಿನಲ್ಲೇ ಕಾಲು ತೆಗೆದಾಗ ಪಕ್ಕದಲ್ಲಿ ಕೂತವರಿಗೆ ಅದನ್ನು ನೋಡಲು ಹೇಳಿ. ಅಂಕಿ ಮೇಲಿನ ಮಿತಿಗೆ ಹೋಗಿ ನಿಲ್ಲುತ್ತದೆ. ಆದರೂ ಜನ ನಂಬುವುದಿಲ್ಲ. ಗೇರಿನಲ್ಲಿದ್ದಾಗ ಆರ್‌ಪಿಎಂ ಮುಳ್ಳು 2,500 ತೋರಿಸುತ್ತದೆ, ಎಂಜಿನ್ ಗುಂಯ್ ಅನ್ನುತ್ತದೆ. ನ್ಯೂಟ್ರಲ್ ಹಾಕಿದರೆ ಮುಳ್ಳು 800ಕ್ಕೆ ಬಿದ್ದು ಗಪ್‌ಚುಪ್. ಸದ್ದು ಜಾಸ್ತಿ ಅಂದರೆ ಖರ್ಚು ಜಾಸ್ತಿ ಅಂತ ನಮ್ಮ ಕಿವಿ ತೀರ್ಮಾನ ಮಾಡಿಬಿಡುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಇಲ್ಲೊಬ್ಬರು ಬುದ್ಧಿವಂತರು ಎದ್ದು ನಿಲ್ಲುತ್ತಾರೆ: "ತೀರಾ ಸಣ್ಣ ಇಳುಕಲಿನಲ್ಲಿ ಗೇರಿನಲ್ಲಿದ್ದರೆ ಕಾರು ನಿಧಾನವಾಗುತ್ತೆ, ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತಲ್ಲ?" ಸರಿ, ಒಪ್ಪಿದೆ. ಅಂಥ ಕಡೆ ನ್ಯೂಟ್ರಲ್‌ನಿಂದ ಚೂರು ಉಳಿಯಬಹುದು. ಕೆಲವು ಆಟೊಮ್ಯಾಟಿಕ್ ಕಾರುಗಳು ತಾವಾಗಿಯೇ ಹಾಗೆ ಮಾಡುತ್ತವೆ ಕೂಡ. ಆದರೆ ನೀವು ಕೇಳಿದ್ದು ಬೆಟ್ಟದ ಇಳಿಜಾರು. ಅಲ್ಲಿ ನಿಮ್ಮ ಸಮಸ್ಯೆ ಕಾರು ನಿಲ್ಲುವುದಲ್ಲ, ನಿಲ್ಲದಿರುವುದು.

ನಿಜ ಹೇಳಬೇಕೆಂದರೆ ಪೆಟ್ರೋಲ್ ವಿಷಯ ಬಿಡಿ, ನನಗೆ ಭಯ ಬ್ರೇಕಿನದು. ಜನ ಕೂತು 1,500 ಕೆಜಿ ತೂಗುವ ಕಾರು 500 ಮೀಟರ್ ಎತ್ತರದಿಂದ ಇಳಿಯಿತು ಅಂದುಕೊಳ್ಳಿ. ಅಷ್ಟರಲ್ಲಿ ಹೊರಬರುವ ಶಕ್ತಿಯನ್ನೆಲ್ಲ ಶಾಖ ಮಾಡಿದರೆ ಸುಮಾರು 20 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಗೇರಿನಲ್ಲಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಡೆಯುತ್ತದೆ. ನ್ಯೂಟ್ರಲ್‌ನಲ್ಲಿ ಬಹುಪಾಲು ಬ್ರೇಕಿನ ತಲೆಗೇ.

ನಿಮ್ಮ ಕಾಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವುದು ಬ್ರೇಕ್ ಆಯಿಲ್. ಅದು ಗಾಳಿಯಿಂದ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿ ಅಷ್ಟೇ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ, ನೀವು ಒತ್ತಿದ್ದೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ. ಮೊದಲು ಸುಟ್ಟ ವಾಸನೆ, ಆಮೇಲೆ ಪೆಡಲ್ ಮೆತ್ತಗೆ, ಆಮೇಲೆ ಕಾಲು ಸುಮ್ನೆ ನೆಲದವರೆಗೆ ಇಳಿಯುತ್ತದೆ. ವಾಸನೆ ಬಂದಾಗಲೇ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಚಕ್ರಕ್ಕೆ ನೀರು ಹೊಯ್ಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ತಾನಾಗಿ ಆರಲಿ.

ಇನ್ನು ಕೀ ತಿರುಗಿಸಿ ಎಂಜಿನ್ನೇ ಆಫ್ ಮಾಡಿ ಇಳಿಯುವ ಶೂರರಿದ್ದಾರೆ. ಅವರಿಗೆ ಇಷ್ಟೇ: ಎಂಜಿನ್ ನಿಂತರೆ, ಬ್ರೇಕ್ ಒತ್ತಲು ನಿಮ್ಮ ಕಾಲಿಗೆ ನೆರವಾಗುವ ಬೂಸ್ಟರಿನಲ್ಲಿ ಕೆಲವೇ ಒತ್ತಿಗೆ ಆಗುವಷ್ಟು ನಿರ್ವಾತ ಉಳಿದಿರುತ್ತದೆ, ಪವರ್ ಸ್ಟೀರಿಂಗ್ ಕೈಕೊಡುತ್ತದೆ, ಕೀ ಹೊರಗೆ ಎಳೆದರೆ ಸ್ಟೀರಿಂಗ್ ಲಾಕ್ ಆಗಬಹುದು. ಅದೂ ತಿರುವಿನಲ್ಲಿ!

ಹಾಗಾದರೆ ಇಳಿಯುವುದು ಹೇಗೆ? ಹತ್ತಿದ ಗೇರಿನಲ್ಲೇ ಇಳಿಯಿರಿ ಅನ್ನುವ ಹಳೆಯ ಮಾತು ಈಗಲೂ ಒಳ್ಳೆಯದೇ. ಆದರೂ ವೇಗ ಏರುತ್ತಿದ್ದರೆ ಇನ್ನೊಂದು ಗೇರ್ ಕೆಳಗೆ ಹಾಕಿ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಿ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಕೂರಬೇಡಿ. ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಿ. ಆಟೊಮ್ಯಾಟಿಕ್ ಆದರೆ ಎಲ್ (ಲೋ, ಅಂದರೆ ಕೆಳಗಿನ ಗೇರ್) ಅಥವಾ ಮ್ಯಾನ್ಯುಯಲ್ ಮೋಡ್. ಎಲೆಕ್ಟ್ರಿಕ್ ಕಾರಿನವರು ಬೆಟ್ಟದ ತುದಿಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿ ಹೊರಡಬೇಡಿ. ಇಳಿಯುವಾಗ ಮೋಟರ್ ಕರೆಂಟ್ ಹುಟ್ಟಿಸುತ್ತಾ ಕಾರನ್ನು ತಡೆಯುತ್ತದೆ; ಆ ಕರೆಂಟಿಗೆ ಬ್ಯಾಟರಿಯೊಳಗೆ ಜಾಗವೇ ಇಲ್ಲದಿದ್ದರೆ ಆ ಬ್ರೇಕಿಂಗ್ ತುಂಬಾ ಕಡಿಮೆಯಾಗುತ್ತದೆ.

ಯಾರೂ ಕೇಳಿಲ್ಲ, ಆದರೂ ತಿರುವಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಹಿಂದೆ ಕೂತವರಿಗೆ ವಾಂತಿ, ಓಡಿಸುವವರಿಗೆ ಮಾತ್ರ ಆರಾಮ. ಯಾಕೆ? ತಿರುವು ಕಿವಿಯೊಳಗಿನ ಸಮತೋಲನದ ಅಂಗಕ್ಕೆ ತಿಳಿಯುತ್ತದೆ. ಮೊಬೈಲ್ ನೋಡುತ್ತಿರುವ ಕಣ್ಣು ಮಾತ್ರ "ಏನೂ ಅಲ್ಲಾಡ್ತಿಲ್ಲ" ಅನ್ನುತ್ತದೆ. ಮಿದುಳಿಗೆ ಎರಡೂ ತಾಳೆಯಾಗುವುದಿಲ್ಲ. ಡ್ರೈವರ್‌ಗೆ ತಿರುವು ಬರುವ ಮೊದಲೇ ಗೊತ್ತು, ಮೈ ಸಿದ್ಧವಾಗಿರುತ್ತದೆ. ಆದ್ದರಿಂದ ವಾಂತಿ ಬರುವ ದೊಡ್ಡವರನ್ನು ಮುಂದೆ ಕೂರಿಸಿ, ದೂರದ ರಸ್ತೆ ನೋಡಲು ಹೇಳಿ. ಮಕ್ಕಳು ಹಿಂದೆಯೇ ಇರಲಿ, ಅವರ ಕೈಯಿಂದ ಮೊಬೈಲ್ ಕಿತ್ತುಕೊಳ್ಳಿ. ಡಾಕ್ಟರು ಹೇಳಿದ ಮಾತ್ರೆ ಇದ್ದರೆ ಹೊರಡುವ ಮುಂಚೆಯೇ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಹೆಚ್ಚು ಪ್ರಯೋಜನ ಇಲ್ಲ. ಇಂಥ ಮಾತ್ರೆಗಳಲ್ಲಿ ಬಹಳಷ್ಟು ನಿದ್ದೆ ತರಿಸುತ್ತವೆ, ಹಾಗಾಗಿ ನುಂಗಿದವರ ಕೈಗೆ ಆ ದಿನ ಸ್ಟೀರಿಂಗ್ ಕೊಡಬೇಡಿ.