ವಿಂಡೋಸ್ ಮೇಲೆ ಸಿಮ್ಯುಲೇಶನ್: ಕಂಪೈಲ್ ಯಾಕೆ ಕೈಕೊಡುತ್ತದೆ?

ನೀರಿನಲ್ಲಿರುವ ಪ್ರೋಟೀನ್ ಹೇಗೆ ಅಲುಗಾಡುತ್ತದೆ, ವಿಮಾನದ ರೆಕ್ಕೆ ಸುತ್ತ ಗಾಳಿ ಹೇಗೆ ಸುಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸುವ ಒಳ್ಳೆಯ ಪ್ರೋಗ್ರಾಂಗಳು ಇಂದು ಪುಕ್ಕಟೆ ಸಿಗುತ್ತವೆ. ಗ್ರೋಮ್ಯಾಕ್ಸ್, ಲ್ಯಾಂಪ್ಸ್, ಓಪನ್‌ಫೋಮ್ ಇವುಗಳಲ್ಲಿ ಕೆಲವು. ಲ್ಯಾಂಪ್ಸ್‌ನಂಥ ಕೆಲವಕ್ಕೆ ವಿಂಡೋಸ್ ಇನ್‌ಸ್ಟಾಲರ್ ಕೂಡ ಉಂಟು. ಉಳಿದ ಹಲವನ್ನು ಡೌನ್‌ಲೋಡ್ ಮಾಡಿ ಬಿಚ್ಚಿದರೆ ಡಬಲ್ ಕ್ಲಿಕ್ ಮಾಡುವುದಕ್ಕೆ ಏನೂ ಇರುವುದಿಲ್ಲ. ಇರುವುದು ರಾಶಿ ರಾಶಿ ಸೋರ್ಸ್ ಫೈಲುಗಳು (ಪ್ರೋಗ್ರಾಮರ್ ಬರೆದ ಮೂಲ ಕೋಡ್), ಜೊತೆಗೆ ಸೂಚನೆಗಳಿರುವ ಒಂದು ರೀಡ್‌ಮಿ. ಅವನ್ನು ಕಂಪೈಲ್ ಮಾಡಿಕೊಳ್ಳುವುದು, ಅಂದರೆ ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತಂದುಕೊಳ್ಳುವುದು, ನಿಮ್ಮ ಪಾಡು.

ಸೋರ್ಸ್ ಯಾಕೆ ಕೊಡುತ್ತಾರೆ? ಸಂಶೋಧಕರು ಒಳಗಿನ ಸಮೀಕರಣ ತಿದ್ದಬೇಕಾಗುತ್ತದೆ, ಅದೊಂದು ಕಾರಣ. ಇನ್ನೊಂದು ವೇಗ. ಹೊಸ ಪ್ರೊಸೆಸರ್‌ಗಳು ಹಲವು ಸಂಖ್ಯೆಗಳನ್ನು ಒಂದೇ ಏಟಿಗೆ ಕೂಡಿಸುತ್ತವೆ. ಎಸ್‌ಎಸ್‌ಇ2 ಸೂಚನೆಗಳಲ್ಲಿ ಒಂದು ಸಲಕ್ಕೆ 2 ಡಬಲ್ ಸಂಖ್ಯೆ (64 ಬಿಟ್‌ನ ದಶಮಾಂಶ ಸಂಖ್ಯೆ), ಆಮೇಲೆ ಬಂದ ಎವಿಎಕ್ಸ್2ರಲ್ಲಿ 4, ಎವಿಎಕ್ಸ್-512ರಲ್ಲಿ 8. ಎಲ್ಲರ ಕಂಪ್ಯೂಟರಿನಲ್ಲೂ ಓಡಬೇಕಾದ ರೆಡಿಮೇಡ್ ಫೈಲು ಹಳೆಯ 2ಕ್ಕೇ ಅಂಟಿಕೊಳ್ಳಬೇಕಾಗಬಹುದು. ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿದ್ದು ಅಳತೆ ಕೊಟ್ಟು ಹೊಲಿಸಿದ ಅಂಗಿ. ಅದನ್ನೇ ಹಳೆಯ ಯಂತ್ರಕ್ಕೆ ಒಯ್ದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಹೇಳಿ ನಿಂತುಬಿಡಬಹುದು.

ಸರಿ, ಹಾಗಾದರೆ ಕಂಪೈಲ್ ಮಾಡೋಣ ಅಂತ ಹೊರಟರೆ ತೆರೆ ತುಂಬ ಎರರ್‌ಗಳು. ವಿಜ್ಞಾನಕ್ಕೂ ಇವಕ್ಕೂ ಹೆಚ್ಚಿನ ಸಂಬಂಧ ಇರುವುದಿಲ್ಲ. ಈ ಪ್ರೋಗ್ರಾಂಗಳು ಹುಟ್ಟಿ ಬೆಳೆದದ್ದು ಯುನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳ ಮೇಲೆ. ಗ್ರೋಮ್ಯಾಕ್ಸ್ 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಲ್ಯಾಂಪ್ಸ್ ಅದೇ ಕಾಲದಲ್ಲಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ. ಬರೆದವರು ‘ಇದು ಎಲ್ಲಾ ಕಡೆ ಹೀಗೇ ಇರುತ್ತೆ’ ಅಂದುಕೊಂಡ ಎಷ್ಟೋ ಸಂಗತಿಗಳು ಇಂಥ ಕೋಡಿನಲ್ಲಿ ಹೇಳದೆಯೇ ಸೇರಿಕೊಂಡಿರುತ್ತವೆ. ವಿಂಡೋಸ್‌ನಲ್ಲಿ ಅವು ಹೊರಗೆ ಬೀಳುತ್ತವೆ.

ಸಣ್ಣವು ಬೇಗ ಹೇಳಿಬಿಡುತ್ತೇನೆ. ‘ಪ್ರೋಗ್ರಾಂ ಫೈಲ್ಸ್’ ಎಂಬ ಫೋಲ್ಡರ್ ಹೆಸರಿನ ನಡುವೆ ಇರುವ ಖಾಲಿ ಜಾಗ ಕಂಪೈಲ್ ನಡೆಸುವ ಎಷ್ಟೋ ಸ್ಕ್ರಿಪ್ಟ್‌ಗಳ (ಕಮಾಂಡ್ ಪಟ್ಟಿಗಳ) ದಾರಿ ತಪ್ಪಿಸುತ್ತದೆ. ಫೈಲಿನ ಪೂರ್ತಿ ವಿಳಾಸ 260 ಅಕ್ಷರ ಮೀರಬಾರದು ಎಂಬ ಹಳೆಯ ಮಿತಿ ಇನ್ನೂ ಕಾಡುತ್ತದೆ. ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಎರಡು ಗುರುತು, ಲಿನಕ್ಸ್‌ನಲ್ಲಿ ಒಂದೇ. ಆ ಕಣ್ಣಿಗೆ ಕಾಣದ ಹೆಚ್ಚುವರಿ ಗುರುತಿಗೆ ಶೆಲ್ ಸ್ಕ್ರಿಪ್ಟ್ ತಲೆಬುಡವಿಲ್ಲದ ಎರರ್ ಕೊಡುತ್ತದೆ. ಸಿ ಡ್ರೈವ್‌ನಲ್ಲೇ ಚಿಕ್ಕ ಹೆಸರಿನ ಒಂದು ಫೋಲ್ಡರ್ ಮಾಡಿ ಕೆಲಸ ಶುರು ಮಾಡಿದರೆ ಮೊದಲ ಎರಡು ತಲೆನೋವು ತಪ್ಪುತ್ತವೆ.

ನಿಜವಾಗಿ ಅಪಾಯಕಾರಿ ಎಂದರೆ ಕಂಪೈಲ್ ಆದ ಮೇಲೆ ಕೈಕೊಡುವಂಥವು. ಸಿ ಭಾಷೆಯಲ್ಲಿ ‘ಲಾಂಗ್’ ಎಂಬ ಪೂರ್ಣಾಂಕ ಇದೆ. 64 ಬಿಟ್ ಲಿನಕ್ಸ್‌ನಲ್ಲಿ ಅದು 64 ಬಿಟ್. 64 ಬಿಟ್ ವಿಂಡೋಸ್‌ನಲ್ಲಿ ಮಾತ್ರ 32 ಬಿಟ್. ಅಂದರೆ 2,147,483,647 ದಾಟಿ ಎಣಿಸಲಾಗದು. ಇದು ಭಾರಿ ದೊಡ್ಡದು ಅನ್ನಿಸುತ್ತೆ ಅಲ್ವಾ? ಅಣುಗಳ ಸಿಮ್ಯುಲೇಶನ್‌ನಲ್ಲಿ ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್ (ಒಂದು ಫೆಮ್ಟೊಸೆಕೆಂಡ್ ಎಂದರೆ ಮೈಕ್ರೊಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ). ಗುಣಿಸಿ ನೋಡಿ: ಹೆಜ್ಜೆಗಳನ್ನು ‘ಲಾಂಗ್’ನಲ್ಲಿ ಎಣಿಸುತ್ತಿದ್ದರೆ ಸುಮಾರು 4.3 ಮೈಕ್ರೊಸೆಕೆಂಡಿಗೆ ಎಣಿಕೆ ಮುಗಿದುಹೋಗುತ್ತದೆ. ಆಮೇಲೆ ಹೆಜ್ಜೆಯ ಸಂಖ್ಯೆ ಮೈನಸ್‌ಗೆ ಉರುಳಬಹುದು. ಚೆನ್ನಾಗಿ ನೋಡಿಕೊಳ್ಳುವ ಪ್ರೋಗ್ರಾಂಗಳು ಇದಕ್ಕೆ ಎಂದೋ ಮದ್ದು ಮಾಡಿವೆ. ಲ್ಯಾಬಿನಲ್ಲಿ ಕೈಯಿಂದ ಕೈಗೆ ಬಂದ ಹಳೆಯ ಕೋಡಿನ ಬಗ್ಗೆ ಆ ಭರವಸೆ ಇಲ್ಲ.

ಸ್ಟ್ಯಾಕ್‌ನದ್ದು ಇನ್ನೊಂದು ಕಥೆ. ಪ್ರೋಗ್ರಾಂ ತನ್ನ ತಾತ್ಕಾಲಿಕ ಲೆಕ್ಕಗಳನ್ನು ಇಟ್ಟುಕೊಳ್ಳುವ ಈ ಜಾಗ ವಿಂಡೋಸ್‌ನಲ್ಲಿ ಮಾಮೂಲಾಗಿ 1 ಎಂಬಿ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8. ವಿಜ್ಞಾನದ ಲೆಕ್ಕಕ್ಕೆ ಬಳಸುವ ಹಳೆಯ ಭಾಷೆ ಫೋರ್ಟ್ರಾನ್‌ನ ಕೋಡಿನಲ್ಲಿ 400ಕ್ಕೆ 400ರ ಒಂದು ಡಬಲ್ ಕೋಷ್ಟಕವನ್ನು ಅಲ್ಲಿಟ್ಟರೆ 12,80,000 ಬೈಟ್ ಬೇಕು. ಲಿನಕ್ಸ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ. ವಿಂಡೋಸ್‌ನಲ್ಲಿ ಪ್ರೋಗ್ರಾಂ ಸದ್ದಿಲ್ಲದೆ ಮಲಗುತ್ತದೆ. ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಜಾಸ್ತಿ ಸ್ಟ್ಯಾಕ್ ಕೊಡು ಎಂದು ಒಂದು ಆಪ್ಷನ್ ಸೇರಿಸಿದರೆ ಮುಗಿಯಿತು. ಆದರೆ ಕಾರಣ ಇದು ಎಂದು ಹೊಳೆಯಬೇಕಲ್ಲ!

ಯಾವ ದಾರಿ ಹಿಡಿಯಬೇಕು? ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋದಲ್ಲಿ ಸಿ++ ಕಂಪೈಲರ್ ಇದೆ, ಫೋರ್ಟ್ರಾನ್‌ನದ್ದು ಇಲ್ಲ. ಇಂಟೆಲ್‌ನದ್ದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಎಂಸಿಸ್2 ಎಂಬ ಸಲಕರಣೆಗಳ ಕಟ್ಟು ಹಾಕಿಕೊಂಡರೆ ಸಿ++ಗೆ ಜಿಸಿಸಿ, ಫೋರ್ಟ್ರಾನ್‌ಗೆ ಜಿಫೋರ್ಟ್ರಾನ್ ಎರಡೂ ಸಿಗುತ್ತವೆ. ಆದರೆ ಎರಡು ಕಂಪೈಲರ್‌ಗಳನ್ನು ಬೆರೆಸಬೇಡಿ. ಸಿ++ ಫಂಕ್ಷನ್‌ಗಳ ಹೆಸರನ್ನು ಅವು ಬೇರೆ ಬೇರೆ ರೀತಿ ಬರೆದುಕೊಳ್ಳುತ್ತವೆ. ಒಂದು ಬರೆದ ಹೆಸರು ಇನ್ನೊಂದಕ್ಕೆ ಸಿಗದೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಸಾಲುಗಳ ಮಳೆ ಸುರಿಯುತ್ತದೆ.

ನನ್ನನ್ನು ಕೇಳಿದರೆ, ಬಹುಪಾಲು ಜನರಿಗೆ ಡಬ್ಲ್ಯೂಎಸ್‌ಎಲ್2 ಸಾಕು. ವಿಂಡೋಸ್ ಒಳಗೇ ಅಸಲಿ ಲಿನಕ್ಸ್ ಕರ್ನಲ್ ಓಡಿಸುವ ಈ ಏರ್ಪಾಡನ್ನು ಮೈಕ್ರೋಸಾಫ್ಟ್ 2019ರಲ್ಲಿ ಘೋಷಿಸಿತು. ರೀಡ್‌ಮಿಯಲ್ಲಿ ಲಿನಕ್ಸ್‌ಗೆಂದು ಬರೆದದ್ದು ಬಹುತೇಕ ಹಾಗೆಯೇ ನಡೆಯುತ್ತದೆ. ಒಂದು ಎಚ್ಚರ: ಸೋರ್ಸ್ ಫೈಲುಗಳನ್ನು ಸಿ ಡ್ರೈವ್‌ನಲ್ಲಿ ಇಡದೆ ಲಿನಕ್ಸ್ ಕಡೆಯ ಹೋಮ್ ಫೋಲ್ಡರ್‌ನಲ್ಲಿಡಿ. ಇಲ್ಲವಾದರೆ ಪ್ರತಿ ಫೈಲು ತೆರೆಯುವಾಗಲೂ ಎರಡು ವ್ಯವಸ್ಥೆಗಳ ಗಡಿ ದಾಟಬೇಕು. ಕಂಪೈಲರ್ ಸಾವಿರಾರು ಸಲ ತೆರೆಯುತ್ತದೆ, ಆಮೆ ನಡಿಗೆ ಗ್ಯಾರಂಟಿ. ಲಿನಕ್ಸ್ ಗೊತ್ತಿಲ್ಲದವರ ಕೈಗೆ ಕೊಡುವ ಪ್ರೋಗ್ರಾಂ ಆದರೆ ಮಾತ್ರ ವಿಂಡೋಸ್‌ಗೇ ಕಂಪೈಲ್ ಮಾಡುವ ಶ್ರಮಕ್ಕೆ ಅರ್ಥ ಇದೆ.

ಯಾವ ದಾರಿಯಾದರೂ ಎರರ್ ಬಂದಾಗ ಕೊನೆಯ ಸಾಲನ್ನು ಹಿಡಿದು ಕೂರಬೇಡಿ. ಅದು ‘ಕೆಲಸ ಆಗಲಿಲ್ಲ’ ಎಂದಷ್ಟೇ ಹೇಳುತ್ತದೆ. ಮೇಲಕ್ಕೆ ಹೋಗಿ, ‘ಎರರ್’ ಎಂಬುದು ಮೊದಲು ಕಂಡ ಸಾಲು ಓದಿ. ಕಂಪೈಲರ್ ಬದಲಿಸಿದರೆ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿ. ಕಂಪೈಲ್ ಕೆಲಸವನ್ನು ಹೊಂದಿಸಿಕೊಡುವ ಸಿಮೇಕ್ ಎಂಬ ಪ್ರೋಗ್ರಾಂ ತನ್ನ ಹಳೆಯ ತೀರ್ಮಾನಗಳನ್ನು ಅಲ್ಲೇ ಬರೆದಿಟ್ಟುಕೊಂಡಿರುತ್ತದೆ.

ಕಂಪೈಲ್ ಆಯಿತು ಅಂತ ನೇರ ಸಂಶೋಧನೆಗೆ ಇಳಿಯುವ ಮೊದಲು ಜೊತೆಗೆ ಬರುವ ಟೆಸ್ಟ್‌ಗಳನ್ನು ಓಡಿಸಬೇಕು. ಡಬಲ್ ಸಂಖ್ಯೆಗಳಲ್ಲಿ 10ರ ಘಾತ 16ಕ್ಕೆ 1 ಕೂಡಿಸಿ, ಮತ್ತೆ 10ರ ಘಾತ 16 ಕಳೆದರೆ ಉತ್ತರ 0. ಮೊದಲು ಕಳೆದು ಆಮೇಲೆ 1 ಕೂಡಿಸಿದರೆ 1. ಅಷ್ಟು ದೊಡ್ಡ ಸಂಖ್ಯೆಯ ಪಕ್ಕದಲ್ಲಿ 1 ಉಳಿಯುವುದಿಲ್ಲ. ‘ಫಾಸ್ಟ್ ಮ್ಯಾತ್’ ಆಪ್ಷನ್ ಕೊಟ್ಟರೆ ವೇಗಕ್ಕೋಸ್ಕರ ಕಂಪೈಲರ್ ಇಂಥ ಕ್ರಮವನ್ನು ತಾನೇ ಬದಲಿಸಬಹುದು. ಅಣುಗಳ ಚಲನೆಯಲ್ಲಿ ಕೊನೆಯ ದಶಮಾಂಶದ ವ್ಯತ್ಯಾಸವೂ ಬೇಗ ಬೆಳೆಯುತ್ತದೆ. ಹಾಗಾಗಿ ಎರಡು ಯಂತ್ರಗಳಲ್ಲಿ ಒಂದೊಂದು ಪರಮಾಣುವಿನ ಜಾಗ ತಾಳೆ ನೋಡುವುದು ಸುಮ್ನೆ ದಂಡ. ಸರಾಸರಿ ಶಕ್ತಿ, ತಾಪಮಾನ, ಒತ್ತಡ ತಾಳೆ ನೋಡಬೇಕು. ಅವೂ ಹೊಂದದಿದ್ದರೆ ಮೊದಲು ‘ಫಾಸ್ಟ್ ಮ್ಯಾತ್’ ತೆಗೆದು, ಆಪ್ಟಿಮೈಸೇಶನ್ (ವೇಗಕ್ಕಾಗಿ ಕಂಪೈಲರ್ ಮಾಡುವ ಮಾರ್ಪಾಡು) ಕಡಿಮೆ ಮಾಡಿ ಇನ್ನೊಮ್ಮೆ ಕಂಪೈಲ್ ಮಾಡಿ ನೋಡಿ.